ಅಕ್ಕೋರ ಕೂಸಿಗೆ ಹಾಲು

ಮೊಲೆ ಕುಡಿಯುವ ಕೂಸನ್ನು ಮನೆಯಲ್ಲಿ ಬಿಟ್ಟು ನೌಕರಿಗೆ ಹೋಗುವವಳ ಬದುಕಿನಲ್ಲಿ ನಗೆಗೆ ಬರವಿಲ್ಲ; ಆ ಹೊತ್ತಿಗೆ ಅಳುವೇ ಬರುತ್ತದೆ ಅನ್ನುವುದು ಬೇರೆ ಮಾತು. ಸವದತ್ತಿ ಹತ್ತಿರದ ಹಳ್ಳಿಯ ಸಾಲಿಯಲ್ಲಿ ನಾನು ಅಕ್ಕೋರು, ಅಂದರೆ ಟೀಚರು. ಹೆರಿಗೆ ರಜೆ ಮುಗಿದಾಗ ಮಗನಿಗೆ ನಾಲ್ಕು ತಿಂಗಳು. ಬಾಟಲಿ ಬಾಯಿಗಿಟ್ಟರೆ ಉಗುಳುತ್ತಿದ್ದ. ನನ್ನ ಹಾಲು ಬತ್ತಿದರೆ ಇವನ ಗತಿಯೇನು ಎಂಬುದೊಂದೇ ಚಿಂತೆ.

ಹಾಜರಿ ಪುಸ್ತಕ

ನಾನು ಕಲಿಸುವ ಒಂದನೇ ಇಯತ್ತೆಯ ತರಗತಿಯಲ್ಲಿ ಯಾರ ಮಗು ಅತ್ತರೂ ನನಗೆ ಹಾಲಿಳಿದು ರವಿಕೆ ತೊಯ್ಯುತ್ತಿತ್ತು. ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡೇ ಓಡಾಡುತ್ತಿದ್ದೆ. ಪಾಲಕರ ಸಭೆಯಲ್ಲಿ ಹೆಡ್‌ಮಾಸ್ತರರು, "ಕರ್ತವ್ಯನಿಷ್ಠೆ ಅಂದ್ರ ಇದರೀ! ಅಕ್ಕೋರು ಹಾಜರಿ ಪುಸ್ತಕ ಒಂದ್ ಗಳಿಗಿನೂ ಕೆಳಗಿಡೂದಿಲ್ಲ" ಎಂದು ಹೊಗಳಿದರು. ಗಂಡಸರು ಚಪ್ಪಾಳೆ ತಟ್ಟಿದರು. ಹೆಂಗಸರು ಸೆರಗು ಬಾಯಿಗೆ ಹಚ್ಚಿಕೊಂಡರು.

ಅಳವಿ ಪಾಯಸ

ಹಾಲು ಕಡಿಮೆಯಾಗಿದೆ ಎಂದು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡೆ. ಅವಳಿಗೂ ಕೈಗೂಸಿತ್ತು. ಹಾಲು ಹೆಚ್ಚಲಿ ಎಂದು ದಿನಾ ಸಬ್ಬಸಗಿ ಪಲ್ಯ, ಬಾಣಂತಿಯರಿಗೆ ಕೊಡುವ ಅಳವಿ ಬೀಜದ ಪಾಯಸ ತಂದುಕೊಡತೊಡಗಿದಳು. ತುಪ್ಪದ ವಾಸನೆಗೆ ನನ್ನ ಗಂಡ ಸುಮ್ಮನಿದ್ದಾರೆಯೇ? ಒಂದು ದಿನ ಬಟ್ಟಲು ನೆಕ್ಕುತ್ತಿರುವಾಗಲೇ ಅವಳ ಕೈಗೆ ಸಿಕ್ಕಿಬಿದ್ದರು.

"ಅಕ್ಕೋರ, ಹಾಲ ಯಾರಿಗೆ ಬರಬೇಕಾಗೈತ್ರಿ? ನಿಮಗೋ, ಸಾಹೇಬ್ರಿಗೋ?"

ಅಂದಿನಿಂದ ಸಾಹೇಬರು ಪಾಯಸದ ಕಡೆ ತಿರುಗಿ ನೋಡಲಿಲ್ಲ.

ಕೆಟ್ಟು ನಿಂತ ಬಸ್ಸು

ಮಗನನ್ನು ಪಕ್ಕದವಳ ಹತ್ತಿರ ಬಿಟ್ಟು ಜನಗಣತಿ ತರಬೇತಿಗೆಂದು ಸವದತ್ತಿಗೆ ಹೋಗಿದ್ದೆ. ಬರುವಾಗ ಬಸ್ಸು ಕೆಟ್ಟು ನಿಂತಿತು. ಎದೆ ಕಲ್ಲಾಗಿ ನೋಯುತ್ತಿತ್ತು. ಕೂಸು ಹಸಿದು ಏನಾಗಿದೆಯೋ ಎಂದು ಜೀವ ಬಾಯಿಗೆ ಬಂದಿತ್ತು. ಓಡಿ ಬಂದು ನೋಡಿದರೆ ಮಗ ಪಕ್ಕದವಳ ಮಡಿಲಲ್ಲಿ ನಿದ್ದೆ ಹೋಗಿದ್ದ, ತುಟಿಯ ಮೇಲೆ ಹಾಲು.

"ಒಂದ್ ಕಡೆ ನಮ್ಮದು, ಒಂದ್ ಕಡೆ ನಿಮ್ಮದು. ನಿಮ್ಮ ಮಗಾ ಭಾಳ ಜೋರದಾನ ಬಿಡ್ರಿ, ನಮ್ಮದರ ಪಾಲೂ ಕುಡದಾನ" ಅಂದಳು.

ನಾನು ಅಳುತ್ತ ಅವಳ ಕಾಲು ಮುಟ್ಟಲು ಹೋದೆ. "ಏಳ್ರಿ, ಮೊದಲ ಚಾ ಕುಡೀರಿ" ಎಂದು ಗದರಿದಳು. ಅಷ್ಟು ದೊಡ್ಡ ಉಪಕಾರ ನನಗೆ ಬೇರೆ ಯಾರೂ ಮಾಡಿಲ್ಲ. ಆಮೇಲೆ ನಾನು ತಡವಾದಾಗಲೆಲ್ಲ ಅವಳೇ ಕುಡಿಸಿದಳು.

ಜನಗಣತಿ

ಗಣತಿಗೆ ನಮ್ಮ ಓಣಿಯೇ ನನ್ನ ಪಾಲಿಗೆ ಬಂತು. ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕಟ್ಟೆಯ ಮೇಲೆ ಫಾರ್ಮ್ ಬಿಚ್ಚಿದೆ.

"ಎಷ್ಟ ಮಕ್ಕಳವಾ?"

"ಮೂರ್ರಿ."

ನನಗೆ ಗೊತ್ತಿದ್ದದ್ದು ಎರಡು. "ಇನ್ನೊಂದ ಎಲ್ಲೈತಿ?"

"ನಿಮ್ಮ ತೊಡಿ ಮ್ಯಾಲ ಕುಂತೈತಲ್ರೀ."

"ಏ, ಇದು ನಾ ಹಡದದ್ದವಾ! ಸರಕಾರದ ಕಾಗದ, ತಪ್ಪ ಬರೀಬಾರದು."

ಅಷ್ಟರಲ್ಲಿ ಮಗರಾಯ ಅವಳ ಕಡೆ ಎರಡೂ ಕೈ ಚಾಚಿದ. ಅವಳು ಎತ್ತಿಕೊಂಡು ಸೆರಗಿನೊಳಗೆ ಹಾಕಿಕೊಂಡಳು. ನನ್ನ ಮೋರೆ ನೋಡಿ ಕನಿಕರ ಬಂದಿರಬೇಕು.

"ಆತ್ ಬಿಡ್ರಿ, ಹಡದವರು ನೀವು. ನಿಮ್ಮ ಮನಿಯಾಗೂ ಬರಕೋರಿ, ನಾ ಏನ್ ಬ್ಯಾಡ ಅನ್ನೂದಿಲ್ಲ."