ಬಂದೆ ಬಂದೆ ಎನ್ನುವ ಕಾರು

ಹಠ ಹಿಡಿಯುವ ಕಾರುಗಳಲ್ಲಿ ಎರಡು ಜಾತಿ. ಮೊದಲನೆಯದು ಕೀಲಿ ತಿರುಗಿಸಿದರೆ ಉಸಿರೇ ಎತ್ತುವುದಿಲ್ಲ. ಅದು ಸತ್ಯವಂತ ಜಾತಿ. ಬರುವುದಿಲ್ಲ ಎಂದರೆ ಬರುವುದಿಲ್ಲ. ನಾವು ಚೀಲ ಹಿಡಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿಯಬಹುದು. ಎರಡನೆಯದು ಹಾಗಲ್ಲ. ಕೀಲಿ ತಿರುಗಿಸಿದೊಡನೆ 'ಕಿಂಯ್ ಕಿಂಯ್ ಕಿಂಯ್' ಎಂದು ಉತ್ಸಾಹದಿಂದ ಮೈ ಕುಲುಕುತ್ತದೆ, ಇನ್ನೇನು ಹಿಡಿಯಿತು ಅನ್ನುವಷ್ಟರಲ್ಲಿ ಸುಮ್ಮನಾಗುತ್ತದೆ. ಮದುವೆಗೆ ಹೊರಟು ನಿಂತ ಮನೆಯಲ್ಲಿ ಬಚ್ಚಲಿನಿಂದ 'ಬಂದೆ, ಬಂದೆ, ಬಂದೇಬಿಟ್ಟೆ' ಎಂದು ಕೂಗುವ ನೆಂಟನಿರುತ್ತಾನಲ್ಲ, ಹಾಗೆ. ದನಿ ಬರುತ್ತದೆ, ನೆಂಟ ಬರುವುದಿಲ್ಲ. ಅವನನ್ನು ಬಿಟ್ಟು ಹೋಗುವ ಹಾಗೂ ಇಲ್ಲ. ನನ್ನ ಹಳೆಯ ಬಿಳಿ ಪೆಟ್ರೋಲ್ ಕಾರು ಈ ಎರಡನೆಯ ಜಾತಿಗೆ ಸೇರಿದ್ದು. ಹೋದ ಶುಕ್ರವಾರ ಅದು ಹಿಡಿದ ಹಠ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಆದ್ದರಿಂದ ಆತುರಪಡದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ಕ್ರಮ ಎಂದರೆ ನನಗೆ ಪ್ರಾಣ. ಕೊಳ್ಳೇಗಾಲದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಉಪಕರಣಗಳನ್ನು ಜೋಡಿಸಿ, ಒರೆಸಿ, ಮತ್ತೆ ಬೀರುವಿಗೆ ಸೇರಿಸುವುದು ನನ್ನ ಉದ್ಯೋಗ. ಒಂದು ಗಾಜಿನ ನಳಿಕೆ ಒಡೆದರೆ ಯಾರ ಕೈಯಲ್ಲಿ ಒಡೆಯಿತು, ಅದು ಎಡಗೈಯೋ ಬಲಗೈಯೋ ಎಂಬುದನ್ನೂ ಹೇಳಬಲ್ಲೆ. 'ಅವ್ರನ್ನ ಕೇಳಿ, ಅವ್ರು ನೋಡಿರ್ತಾರೆ' ಎಂದು ಪ್ರಿನ್ಸಿಪಾಲರೇ ನನ್ನ ಕಡೆ ಕೈ ತೋರಿಸುತ್ತಾರೆ. ಈ ಕೀರ್ತಿ ಇನ್ನು ಮುಂದೆ ನನಗೆ ಸಲ್ಲುತ್ತದೋ ಇಲ್ಲವೋ, ನೀವೇ ತೀರ್ಮಾನಿಸಿ.

ಮಾಂಬಳ್ಳಿಯಲ್ಲಿರುವ ನನ್ನ ತಮ್ಮನಿಗೆ ಎರಡನೆಯ ಮಗು ಹುಟ್ಟಿತು; ಹೆಣ್ಣು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ನಮಗಿರುವುದು ಒಬ್ಬಳೇ ಅಕ್ಕ, ಅವಳಿರುವುದು ಶಾಗ್ಯದಲ್ಲಿ. ಮೊದಲ ಮಗುವಿನ ನಾಮಕರಣಕ್ಕೆ ಅವಳು ಹೊರಟಿದ್ದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತು, ಅವಳು ಮಾಂಬಳ್ಳಿ ತಲುಪುವಷ್ಟರಲ್ಲಿ ಉಂಡ ಎಲೆ ಎತ್ತುತ್ತಿದ್ದರು. ಮಗುವಿನ ತಾಯಿಯ ಕಡೆಯವರು ರಿಯಾಂಶ್ ಎಂದು ಹೆಸರಿಟ್ಟಾಗಿತ್ತು. ಆ ಹೆಸರಿಗೆ ಅಕ್ಕನ ನಾಲಿಗೆ ಇಂದಿಗೂ ಹೊರಳಿಲ್ಲ. ಅವನನ್ನು ಅವಳು ಕರೆಯುವುದು 'ಏ ಮರಿ' ಎಂದು.

ಈ ಸಲ ಅವಳು ಫೋನಿನಲ್ಲಿ ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದಳು. "ಎಸ್ರು ನಾನೇ ಏಳೋದು ಕಣ್ಲಾ. ಯಾವ್ದು ಅಂತ ಯಾರ್ಗೂ ಏಳಕ್ಕಿಲ್ಲ. ಮೊದ್ಲು ಮಗೀನ ಕಿವಿಗೇ ಬೀಳ್ಬೇಕು."

"ಬಸ್ಸಿನ ಸಹವಾಸವೇ ಬ್ಯಾಡಕ್ಕ. ನಾನೇ ಕಾರ್ ತಂದು ಕರ್ಕೊಂಡೋಗ್ತೀನಿ," ಎಂದೆ. ಈ ಮಾತನ್ನು ನಾನು ಎದೆಯುಬ್ಬಿಸಿ ಹೇಳಿದೆ ಎಂಬುದನ್ನೂ ದಾಖಲಿಸುತ್ತೇನೆ. ನಾಮಕರಣ ಶುಕ್ರವಾರ, ಹತ್ತೂವರೆಗೆ ರಾಹುಕಾಲ. ಅದಕ್ಕೆ ಮೊದಲೇ ಅತ್ತೆ ತೊಟ್ಟಿಲಿನ ಮುಂದಿರಬೇಕು. ಅವಳು ಬರದಿದ್ದರೆ ಹೆಸರು ಮತ್ತೆ ಆ ಕಡೆಯವರ ಬಾಯಿಂದಲೇ.

ಗುರುವಾರ ಸಂಜೆ ಶಾಗ್ಯಕ್ಕೆ ಹೋದೆ. ಹಳ್ಳ ದಿಣ್ಣೆಗಳಲ್ಲೂ ಕಾರು ಒಮ್ಮೆಯೂ ಕೆಮ್ಮಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಕಾರು ಮದುಮಗನ ಹಾಗೆ ಹೊಳೆಯುತ್ತಿದೆ. ಮುಂದೆ ದಾಸವಾಳ, ಗಾಜಿನ ಮೇಲೆ ವಿಭೂತಿ. ಪಕ್ಕದಲ್ಲಿ ನನ್ನ ಬಾವ ಖಾಲಿ ಚೆಂಬು ಹಿಡಿದು ನಿಂತಿದ್ದರು. ಬಾವ ವ್ಯವಸಾಯಗಾರರು, ಮಾದಪ್ಪನ ಒಕ್ಕಲು, ಎತ್ತಾಗಲಿ ಟ್ರ್ಯಾಕ್ಟರಾಗಲಿ ಶುಭಕಾರ್ಯಕ್ಕೆ ಹೊರಡುವ ಮೊದಲು ಮೈ ತೊಳೆಸದೆ ಹೊರಡಿಸಿದವರಲ್ಲ.

"ಒಳ್ಗೂ ವೊರ್ಗೂ ತೊಳ್ದಿವ್ನಿ ಬಾಮೈದ," ಎಂದರು.

ನಾನು ಕೃತಜ್ಞತೆಯಿಂದ ನಕ್ಕು ಒಳಗೆ ಕೂತೆ. ಸೀಟಿನ ಮೇಲೆ ನಿನ್ನೆಯ ಧೂಳು ನಿನ್ನೆಯಂತೆಯೇ ಇತ್ತು. ಅದನ್ನು ನಾನು ನೋಡಿದೆ. ನೋಡಿಯೂ, ಹಾಗಾದರೆ ಇವರು ತೊಳೆದ ಒಳಗು ಯಾವುದು ಎಂದು ಕೇಳಿಕೊಳ್ಳಲಿಲ್ಲ. ಕೀರ್ತಿಗೆ ಬಿದ್ದ ಮೊದಲ ಬಿರುಕು ಇದು.

ಅಕ್ಕ ರೇಷ್ಮೆ ಸೀರೆಯುಟ್ಟು, ತೊಡೆಯ ಮೇಲೆ ಮಡಿಲಕ್ಕಿಯ ತಟ್ಟೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಬಾವ ನನ್ನ ಪಕ್ಕಕ್ಕೆ ಬಂದರು. ನಾನು ಕೀಲಿ ತಿರುಗಿಸಿದೆ. ಕಿಂಯ್ ಕಿಂಯ್ ಕಿಂಯ್. ಮತ್ತೆ ತಿರುಗಿಸಿದೆ. ಅದೇ ಹಾಡು. ಸೆಲ್ಫ್ ತಿರುಗುತ್ತಿದೆ, ಇಂಜಿನ್ ಹಿಡಿಯುತ್ತಿಲ್ಲ.

"ಏನ್ಲಾ ಅದು ಕುಯ್‌ಗುಟ್ತದೆ?" ಎಂದಳು ಅಕ್ಕ.

"ಏನಿಲ್ಲಕ್ಕ, ಬರ್ತದೆ."

"ಆ ಬಸ್ಸಿನ್ ಡ್ರೈವರೂ ಅಂಗೇ ಅಂದಿದ್ದ."

ಪಕ್ಕದ ಮನೆಯ ಮಾದೇಶ ತನ್ನ ಲಗೇಜ್ ಆಟೊಗೆ ಟೊಮೇಟೊ ಕ್ರೇಟು ತುಂಬುತ್ತಿದ್ದವನು ಕೆಲಸ ಬಿಟ್ಟು ಬಂದ. "ಪೆಟ್ರೋಲ್ ಐತಾ ಸಾ?" ಎಂದ. ಕಾರು ನಿಂತ ಕಡೆಯಲ್ಲೆಲ್ಲ ಮೊದಲು ಹುಟ್ಟುವ ಪ್ರಶ್ನೆ ಇದೇ. ಇದೆ ಎಂದೆ. "ಅಂಗಾರೆ ತಳ್ಳದೆ ಸರಿ," ಎಂದ. ಮಾದೇಶನೂ ಬಾವನೂ ತಳ್ಳಿದರು. ಇಳಿಯಕ್ಕ ಎಂದರೆ ಅಕ್ಕ ಕೇಳಲಿಲ್ಲ. "ಮಡ್ಲಕ್ಕಿ ಇಟ್ಕಂಡು ಒಂದ್ಸಲ ಕುಂತ್ ಮ್ಯಾಕೆ ಇಳ್ದ್ರೆ ಶಕುನ ಕೆಡ್ತದೆ." ಹೀಗಾಗಿ ಅವಳು ತಟ್ಟೆ ಹಿಡಿದು ದೇವರ ಹಾಗೆ ಕೂತಿದ್ದಳು, ಅವರು ಬೀದಿಯ ಕೊನೆಯ ತನಕ ತೇರೆಳೆದ ಹಾಗೆ ತಳ್ಳಿ, ಮತ್ತೆ ಮನೆಯ ಮುಂದಕ್ಕೇ ತಂದು ನಿಲ್ಲಿಸಿದರು. ಅಷ್ಟರಲ್ಲಿ ಮಾಂಬಳ್ಳಿಯಿಂದ ತಮ್ಮನ ಫೋನು: "ಅಣ್ಣ, ಹೊರಟ್ರಾ?" ನಾನು ಹೇಳಿದ್ದು, "ಬಂದ್ವಿ, ಬಂದ್ವಿ, ಬಂದೇಬಿಟ್ವಿ." ಕಾರು ಮತ್ತು ನಾನು ಒಂದೇ ಜಾತಿಗೆ ಸೇರಿದ ಕ್ಷಣವದು.

ಇಲ್ಲಿಂದಾಚೆಗೆ ನನ್ನೊಳಗೆ ಒಂದು ಬದಲಾವಣೆಯಾಯಿತು. ಭಯದ ಜಾಗದಲ್ಲಿ ಒಂದು ಬಗೆಯ ಉಮೇದು ಬಂದು ಕೂತಿತು. ಎಷ್ಟು ವರ್ಷ ನಾನು ಇನ್ನೊಬ್ಬರ ಪ್ರಯೋಗಕ್ಕೆ ಮೇಜು ಸಜ್ಜು ಮಾಡಿಲ್ಲ! ಇಂದು ಪ್ರಯೋಗ ನನ್ನದು. ಇಂಜಿನ್ನಿಗೆ ಬೇಕಾದದ್ದು ಮೂರೇ: ಗಾಳಿ, ಪೆಟ್ರೋಲು, ಕಿಡಿ. ಒಂದೊಂದನ್ನೇ ವಿಚಾರಣೆಗೆ ಕರೆದರೆ ಅಪರಾಧಿ ಎಲ್ಲಿಗೆ ಹೋದಾನು? ಬಾನೆಟ್ಟು ಎತ್ತಿದೆ. ಗಾಳಿಯ ಫಿಲ್ಟರ್ ಬಿಚ್ಚಿ ಬೆಳಕಿಗೆ ಹಿಡಿದೆ. ಆಚೆ ಕಡೆ ಮಾದೇಶನ ಮೀಸೆ ಕಂಡಿತು. ಗಾಳಿ ನಿರಪರಾಧಿ. ಕಿಡಿ ಹಾರಿಸುವ ಪ್ಲಗ್ಗುಗಳಲ್ಲಿ ಒಂದನ್ನು ಬಿಚ್ಚಿ ಮೂಸಿದೆ, ಪೆಟ್ರೋಲಿನಲ್ಲಿ ನೆಂದಿದೆ. ಪೆಟ್ರೋಲೂ ಬಿಡುಗಡೆ. ಪ್ಲಗ್ಗನ್ನು ಚೆನ್ನಾಗಿ ಒರೆಸಿ ಒಣಗಿಸಿ, ವೈರಿಗೆ ಸಿಕ್ಕಿಸಿ, ಲೋಹಕ್ಕೆ ತಾಗಿಸಿಟ್ಟು, ದೂರ ನಿಂತು, "ಬಾವ, ಸೆಲ್ಫ್ ಹೊಡೀರಿ," ಎಂದೆ. ಕಿಂಯ್ ಕಿಂಯ್. ಪ್ಲಗ್ಗಿನ ತುದಿಯಲ್ಲಿ ಏನೂ ಇಲ್ಲ. ಒಂದು ಮಿಣುಕೂ ಇಲ್ಲ.

"ಕಿಡಿ ಇಲ್ಲ! ಕಿಡಿ ಇಲ್ಲ!" ಎಂದು ಕೂಗಿದೆ. ಬೀದಿಯವರೆಲ್ಲ ಹೊರಗೆ ಬಂದರು. ಇಷ್ಟು ಸಂತೋಷದಿಂದ ಇಲ್ಲ ಎನ್ನುವವನನ್ನು ಅವರು ಹಿಂದೆ ನೋಡಿರಲಿಕ್ಕಿಲ್ಲ.

ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯ ಪ್ರಕಾರ ಹಂಚುವ ಒಂದು ಪುಟ್ಟ ಡಬ್ಬಿಯಿರುತ್ತದೆ, ಡಿಸ್ಟ್ರಿಬ್ಯೂಟರ್ ಎನ್ನುತ್ತಾರೆ. ಅದರ ಮುಚ್ಚಳ ಕಪ್ಪಗೆ, ದುಂಡಗೆ ಇರುತ್ತದೆ. ವೈರುಗಳ ಮರೆಯಲ್ಲಿದ್ದ ಅದರತ್ತ ಬಗ್ಗಿ ನೋಡಿ ನಾನು ಹಾಗೇ ನಿಂತುಬಿಟ್ಟೆ. ಆ ಮುಚ್ಚಳದ ಮೇಲೆ ಹಸಿ ವಿಭೂತಿಯ ಮೂರು ಗೆರೆ. ನಡುವೆ ಕುಂಕುಮ. ನೆತ್ತಿಯ ಮೇಲೆ ಒಂದು ಬಿಲ್ವಪತ್ರೆ.

"ಬಾವ," ಎಂದೆ ಮೆಲ್ಲಗೆ, "ಇದೇನು?"

"ನಾನೇ ಇಟ್ಟೆ. ಬಾನೆಟ್ಟೆತ್ತಿ ಎಲ್ಲಾ ಕಡೆ ತೊಳೀತಾ ಬಂದ್ನಾ, ಇದ್ ನೋಡಿದ್ರೆ ಅಪ್ಪಟ ಲಿಂಗ್ದಂಗೇ ಅದೆ. ಸುಮ್ಕೆ ಒರ್ಸಿ ಬುಡಕ್ಕೆ ಮನಸ್ ಬರ್ನಿಲ್ಲ. ಮೂರ್ ಚೆಂಬು ಉಯ್ದೆ."

"ಇಂಜಿನ್ನಿಗೆ ನೀರಾ ಬಾವ?"

"ಯಾಕೆ, ನಮ್ ಟ್ಯಾಕ್ಟ್ರು ಕೆರೇಗಿಳ್ಸಿ ತೊಳ್ಯಕ್ಕಿಲ್ವಾ? ಮೇಲ್ ಬಂದ್ರೆ ಒಂದೇ ಸೆಲ್ಫು."

ಡೀಸೆಲ್ ಟ್ರ್ಯಾಕ್ಟರಿಗೆ ಕಿಡಿಯ ಹಂಗಿಲ್ಲ ಬಾವ, ಪೆಟ್ರೋಲ್ ಕಾರಿಗೆ ಅದೇ ಪ್ರಾಣ ಎಂದು ವಿವರಿಸಿದೆ. ಮುಚ್ಚಳ ತೆಗೆದರೆ ಒಳಗೋಡೆಯ ಮೇಲೆ ನೀರ ಹನಿಗಳು ಮುತ್ತಿನಂತೆ ಕೂತಿದ್ದವು. ನಾನು ಒಂದೊಂದನ್ನೂ ನೋಡಿದೆ. ಯಾವ ವೈರು ಎಲ್ಲಿತ್ತು ಎಂದು ಫೋನಿನಲ್ಲಿ ಫೋಟೊ ತೆಗೆದೆ. ಬೆಳಕಿಗೆ ಅಡ್ಡ ಬಂದವರನ್ನೆಲ್ಲ ಸರಿಸಿದೆ. ಬಟ್ಟೆಯಲ್ಲಿ ಒರೆಸಿದರೆ ಮೂಲೆಯ ತೇವ ಹೋಗಲಿಲ್ಲ. ಆಗ ಬಾವನಿಗೇ ಹೊಳೆಯಿತು. ಬಾಣಂತಿಗೂ ಮಗುವಿಗೂ ತಲೆ ಒಣಗಿಸುವ ಬಿದಿರು ಕುಕ್ಕೆ ಜಗಲಿಯ ಮೇಲಿತ್ತು, ಮಾಂಬಳ್ಳಿಗೆ ಒಯ್ಯಲೆಂದು ತಂದದ್ದು. ಹಂಡೆ ಒಲೆಯಿಂದ ಕೆಂಡ ತಂದು, ಕಾರಿನಿಂದ ದೂರ, ಜಗಲಿಯ ಮೂಲೆಯಲ್ಲಿ ಕುಕ್ಕೆ ಬೋರಲು ಹಾಕಿ ಅದರ ಬೆನ್ನ ಮೇಲೆ ಮುಚ್ಚಳವನ್ನು ಮಲಗಿಸಿದರು. ಅಭ್ಯಾಸಬಲದಿಂದ ಒಂದು ಚಿಟಿಕೆ ಸಾಂಬ್ರಾಣಿಯನ್ನೂ ಉದುರಿಸಿದರು. ನಾನು ಅದನ್ನು ಹಸುಗೂಸಿನಂತೆ ಹೊರಳಿಸಿ ಹೊರಳಿಸಿ ಒಣಗಿಸಿದೆ. ಉಳಿದ ಪ್ಲಗ್ಗುಗಳನ್ನೂ ಒಣಗಿಸಿದೆ. ಎಲ್ಲವನ್ನೂ ಮತ್ತೆ ಜೋಡಿಸಿದೆ. ಕೂತು, ಕಣ್ಣು ಮುಚ್ಚಿ, ಕೀಲಿ ತಿರುಗಿಸಿದೆ.

ಕಿಂಯ್ ಕಿಂಯ್... ಭರ್ರ್!

ಆ ಸದ್ದನ್ನು ನಾನು ಸಾಯುವ ತನಕ ಮರೆಯಲಾರೆ. ಬೀದಿ ಚಪ್ಪಾಳೆ ತಟ್ಟಿತು. ಹಿಂದಿನ ಪೈಪಿನಿಂದ ಸಾಂಬ್ರಾಣಿ ಘಮ ಬಂದಂತಾಯಿತು. ಅದು ನನ್ನ ಭ್ರಮೆಯೂ ಇರಬಹುದು. ವಿಜಯದಿಂದ ಹಿಂದಕ್ಕೆ ತಿರುಗಿದೆ. "ನೋಡಿದ್ಯಾ ಅಕ್ಕ!"

ಹಿಂದಿನ ಸೀಟು ಖಾಲಿ.

"ಅವ್ಳು ಆಗ್ಲೇ ಓದ್ಲಲ್ಲ, ಮಾದೇಶನ ಆಟೋಲಿ," ಎಂದರು ಬಾವ. "ನಿನ್ನ ಕೇಳೇ ಓದ್ಲು."

"ನನ್ನನ್ನಾ?"

"ಊಂ ಮತ್ತೆ. 'ಶಕುನ ಕೆಟ್ರೆ ಕೆಡ್ಲಿ, ನಾನು ಮುಂದಾಗಿ ಓಯ್ತೀನಿ ಕಣ್ಲಾ' ಅಂದ್ಲು. ನೀನು ಆ ಮುಚ್ಳ ನೋಡ್ಕಂಡು, 'ಹೋಗಕ್ಕ, ಹೋಗು, ಬೆಳಕಿಗೆ ಅಡ್ಡ ನಿಂತ್ಕಬ್ಯಾಡ' ಅಂದೆ."

ನಾವು ಮಾಂಬಳ್ಳಿ ತಲುಪಿದಾಗ ಜನ ಎರಡನೆಯ ಪಂಕ್ತಿಗೆ ಕೂತಿದ್ದರು. ಅಕ್ಕ ತೊಟ್ಟಿಲು ತೂಗುತ್ತಿದ್ದಳು. ರೇಷ್ಮೆ ಸೀರೆಯ ಅಂಚಿಗೆ ಟೊಮೇಟೊ ರಸ. ರಾಹುಕಾಲಕ್ಕೆ ಮೊದಲೇ ಬಂದು, ಮಗುವಿನ ಕಿವಿಯಲ್ಲಿ ಹೇಳಿ, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳಂತೆ: ಗೌರಿ. ಅದು ತೀರಿಕೊಂಡ ನಮ್ಮ ಅವ್ವನ ಹೆಸರು. ತಮ್ಮ ಗಳಗಳನೆ ಅತ್ತನಂತೆ. ಆ ಕಡೆಯವರು ಕೂಡ ಕಣ್ಣೊರೆಸಿಕೊಂಡು ಚೆನ್ನಾಗಿದೆ ಎಂದರಂತೆ. ಎಲ್ಲವೂ 'ಅಂತೆ'. ಗಾಜಿನ ನಳಿಕೆ ಒಡೆದ ಕೈಯನ್ನು ಬಲ್ಲವನು ಅವ್ವನ ಹೆಸರು ಮನೆಗೆ ಮರಳಿದ ಗಳಿಗೆಯನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕಾಯಿತು.

ನಾನು ತೊಟ್ಟಿಲಿಗೆ ಬಗ್ಗಿದೆ. "ಅಕ್ಕ, ಕಿಡಿಯೇ ಇರ್ಲಿಲ್ಲ ಗೊತ್ತಾ? ಮುಚ್ಚಳದೊಳಗೆ..." ಎಂದು ಶುರುಮಾಡಿದೆ.

"ಮಗು ಮನಿಕ್ಕಂಡದೆ, ಸುಮ್ಕಿರ್ಲಾ," ಎಂದಳು ಅಕ್ಕ.

ಸಂಜೆ ಅವಳನ್ನೂ ಬಾವನನ್ನೂ ಶಾಗ್ಯಕ್ಕೆ ಬಿಡಲು ಹೊರಟೆ. ಅಕ್ಕ ಕಾರಿನ ಬಾಗಿಲ ಬಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊದ್ಲು ಸ್ಟಾರ್ಟ್ ಮಾಡು. ಆಮ್ಯಾಕೆ ಕುಂತ್ಕತೀನಿ." ಕೀಲಿಯನ್ನು ಮುಟ್ಟಿದ್ದಷ್ಟೇ, ಕಾರು ಭರ್ರೆಂದು ಹಿಡಿಯಿತು. ಏನು ಹದ, ಏನು ಲಯ! ಗೇರು ಹಾಕಿದೆ. ಬೀದಿಯ ತಿರುವಿನ ತನಕ, ಕಿಡಿಯ ಕತೆಯನ್ನು ಮೊದಲಿನಿಂದ ಹೇಳುತ್ತಲೇ ಓಡಿಸಿದೆ. ಉತ್ತರ ಬರಲಿಲ್ಲವಲ್ಲ ಎಂದು ಕನ್ನಡಿ ನೋಡಿದರೆ, ದೂರದಲ್ಲಿ, ತಮ್ಮನ ಮನೆಯ ಮುಂದೆ, ಖಾಲಿ ತಟ್ಟೆ ಹಿಡಿದು ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಬಾವ ಎರಡೂ ಕೈ ಎತ್ತಿ ಬೀಸುತ್ತಿದ್ದರು.