ಹೆಬ್ಬೆರಳೂ ಹದಿನೈದರ ವಾಲ್ಟ್ಸೂ

ಎಲ್ಲ ರಗಳೆಗೂ ಕಾರಣ ಎಡಗಾಲಿನ ಹೆಬ್ಬೆರಳು. ಪಾಯ್ಸಾಂದು ಊರಿನಲ್ಲಿ ಮಾಂಸ ಸುಡುವುದರಲ್ಲಿ ವಿಲ್ಮಾರನನ್ನು ಮೀರಿಸಿದವರಿಲ್ಲ. ಮಾಂಸ, ಬಿಯರು ಮುಟ್ಟಿದರೆ ಕೆರಳುವ ಗೌಟ್ ಎಂಬ ಕೀಲುಬಾವು ಬಂದು ವಕ್ಕರಿಸಿದ್ದೂ ಅವನಿಗೇ. ಬೆರಳು ಬಾತರೆ ಶೂ ಹಾಗಿರಲಿ, ಕಾಲುಚೀಲವೂ ಹಿಡಿಸುತ್ತಿರಲಿಲ್ಲ. ಮುಂದಿನ ಶನಿವಾರ ಮೊಮ್ಮಗಳು ಮಿಕಾಯೆಲಾಳಿಗೆ ಹದಿನೈದು ತುಂಬುತ್ತದೆ. ಅಂದು ಅಲ್ಲಿನ ಪದ್ಧತಿಯಂತೆ ಅವಳ ಜೊತೆ ಮೊದಲ ವಾಲ್ಟ್ಸ್ ಕುಣಿಯುತ್ತೇನೆಂದು ಮಾತು ಕೊಟ್ಟವನು ಈ ಅಜ್ಜ. ಅದಕ್ಕೆಂದೇ ಹೊಸ ಕರಿ ಶೂ ತಂದಿಟ್ಟಾಗಿತ್ತು.

ಹಾಗಾಗಿ ವಿಲ್ಮಾರ್ ಗೌಟಿನವರ ಆನ್‌ಲೈನ್ ತರಗತಿ ಸೇರಿದ್ದ. ನಮ್ಮ ಕಾಯಿಲೆಯನ್ನು ನಾವೇ ಹದ್ದುಬಸ್ತಿನಲ್ಲಿಡಲು ಎಂಟು ವಾರಗಳ ಪಾಠ. ಪ್ರತಿ ಭಾನುವಾರ ಸಂಜೆ ನರ್ಸ್ ನೆಲಿದಾ ಮೊಬೈಲಿನಲ್ಲಿ ಪ್ರತ್ಯಕ್ಷಳಾಗಿ ಎಲ್ಲರ ವರದಿ ಕೇಳುತ್ತಿದ್ದಳು. ಈ ಭಾನುವಾರವೋ ಓಣಿಯ ಕ್ಲಬ್ಬಿನ ಅಸಾದೊ, ಅಂದರೆ ಕೆಂಡದ ಮೇಲೆ ಸುಟ್ಟ ಮಾಂಸದ ಔತಣ. ನಲವತ್ತು ಜನಕ್ಕೆ ಅವನೇ ಮಾಂಸ ಸುಡಬೇಕು. ಒಂದು ತುಣುಕೂ ಬಾಯಿಗಿಡುವುದಿಲ್ಲ, ಒಂದು ಹನಿ ಬಿಯರೂ ಮುಟ್ಟುವುದಿಲ್ಲ ಎಂದು ಹಟ ತೊಟ್ಟ.

ಹತ್ತು ಗಂಟೆಗೇ ಪಕ್ಕದ ಮನೆಯ ಎದಿಸನ್ ತಣ್ಣನೆಯ ಬಿಯರ್ ಹಿಡಿದು ಬಂದ.

"ತಗೊಳಯ್ಯಾ, ಗಂಟಲು ಒದ್ದೆ ಮಾಡ್ಕೋ."

"ಬೇಡ ಕಣೋ. ಆ ಕಿತ್ತಳೆ ಕೂಲ್‌ಡ್ರಿಂಕ್ಸ್ ಕೊಡು."

"ಅದು ಮಕ್ಳು ಕುಡಿಯೋದು!"

"ನಾನೂ ಮಗು ಅಂತ್ಲೇ ತಿಳ್ಕೋ."

ಗಟಗಟನೆ ಕುಡಿದ. ಕೆಂಡದ ಧಗೆಗೆ ಹಿತವಾಯಿತು.

ಮಧ್ಯಾಹ್ನದ ಹೊತ್ತಿಗೆ ಪಕ್ಕೆಲುಬು ಚುರುಗುಟ್ಟತೊಡಗಿತು. ಬಾಯಲ್ಲಿ ನೀರೂರಿದಾಗಲೆಲ್ಲ ವಿಲ್ಮಾರ್ ಕೂಲ್‌ಡ್ರಿಂಕ್ಸ್ ಏರಿಸಿ ಆಸೆಯನ್ನು ಅದುಮಿದ. ಬಡಿಸಿದ ಮೇಲೆ ಡೊನ್ಯಾ ಗ್ರಿಸೆಲ್ಡಾ ತಟ್ಟೆಯನ್ನು ಮೂಸಿದಳು. ಓಣಿಯಲ್ಲಿ ಈಕೆಯ ಮೂಗು ತೂರದ ಜಾಗವೇ ಇರಲಿಲ್ಲ.

"ಸುಟ್ಟವನೇ ತಿಂತಿಲ್ಲ ಅಂದ್ರೆ ಏನೋ ಇದೆ ಇದ್ರಲ್ಲಿ."

"ಏನೂ ಇಲ್ಲ ತಾಯಿ, ನಂಗೆ ಪಥ್ಯ."

"ಹಿಂಗೇ ಪಥ್ಯ ಅಂದವನ ಕೈಯಡಿಗೆ ತಿಂದು ನಮ್ಮ ಮಾವ ಮೂರು ದಿನ ಕಕ್ಕಸು ಬಿಟ್ಟು ಬರ್ಲಿಲ್ಲ!"

ನಲವತ್ತು ಫೋರ್ಕುಗಳು ಒಟ್ಟಿಗೇ ಕೆಳಗಿಳಿದವು. ವಿಲ್ಮಾರನಿಗೆ ಮೈಯೆಲ್ಲ ಉರಿಯಿತು. ಮಾಂಸ ಒಳ್ಳೆಯದೆಂದು ತೋರಿಸಲು ಕ್ಲಬ್ಬಿನ ನಾಯಿಗೆ ಒಂದು ತುಂಡು ಹಿಡಿದ. ನಾಯಿ ತುಂಡನ್ನು ಬಿಟ್ಟು ಮೇಜಿನ ಮೇಲಿದ್ದ ಇಡೀ ಪಕ್ಕೆಲುಬನ್ನೇ ಕಚ್ಚಿಕೊಂಡು ಓಡಿತು. ಎದಿಸನ್ ಅದರ ಹಿಂದೆ ಓಡಿದ. ನಾಯಿಗೆ ಏನೂ ಆಗಿಲ್ಲವೆಂದು ಗ್ರಿಸೆಲ್ಡಾ ಒಪ್ಪುವುದರಲ್ಲಿ ಅರ್ಧ ಗಂಟೆ ಕಳೆದು ಮಾಂಸ ತಣ್ಣಗಾಯಿತು. ಊಟದ ಕೊನೆಗೆ ಸುಟ್ಟವನಿಗೆ ಸಲ್ಲಬೇಕಾದ ಚಪ್ಪಾಳೆ ಕಾಟಾಚಾರಕ್ಕೆ ಸಂದಿತು. ವಿಲ್ಮಾರ್ ಟೊಮೆಟೊ ಮೆಲ್ಲುತ್ತ ನಾಲ್ಕನೆಯ ಬಾಟಲಿ ಮುಗಿಸಿದ. ಮರ್ಯಾದೆ ಹೋಗಿತ್ತು ನಿಜ, ಆದರೆ ಹಟ ಗೆದ್ದಿತ್ತು.

ಸಂಜೆ ಮೊಬೈಲಿನ ಮುಂದೆ ಎದೆಯುಬ್ಬಿಸಿ ಕೂತ.

"ಒಂದು ತುಣುಕು ಮಾಂಸ ಇಲ್ಲ, ಒಂದು ಹನಿ ಬಿಯರ್ ಇಲ್ಲ ಮೇಡಂ!"

ಪರದೆಯ ಮೇಲಿನ ಮುಖಗಳೆಲ್ಲ ಭೇಷ್ ಎಂದವು.

"ಶಹಬ್ಬಾಸ್ ವಿಲ್ಮಾರ್ ಅವರೇ!" ಎಂದಳು ನೆಲಿದಾ. "ಆ ಬಿಸಿಲಲ್ಲಿ ಏನು ಕುಡಿದ್ರಿ ಮತ್ತೆ?"

"ಕಿತ್ತಳೆ ಕೂಲ್‌ಡ್ರಿಂಕ್ಸ್. ನಾಲ್ಕು ಬಾಟ್ಲಿ."

ನೆಲಿದಾ ಕನ್ನಡಕ ತೆಗೆದಿಟ್ಟಳು.

"ಅಯ್ಯೋ ದೇವ್ರೇ! ಆ ಸಕ್ಕರೆ ನೀರೂ ಬಿಯರಿನ ಹಾಗೇ ಗೌಟ್ ಕೆರಳಿಸುತ್ತೆ. ಮೂರನೇ ವಾರದ ಪಾಠ ಪೂರ್ತಿ ಅದೇ ಇತ್ತಲ್ಲ! ನೀವು 'ಅರ್ಥವಾಯಿತು' ಅಂತ ಒತ್ತಿದ್ರಿ."

ಒತ್ತಿದ್ದು ನಿಜ. ಆದರೆ ಅಂದು ಟೀವಿಯಲ್ಲಿ ಫುಟ್‌ಬಾಲ್ ಇತ್ತು. ಮೇಜಿನಡಿಯಲ್ಲಿ ಹೆಬ್ಬೆರಳು ಆಗಲೇ ಬೆಚ್ಚಗಾಗಿ ಮಿಡಿಯತೊಡಗಿತ್ತು. ವಿಲ್ಮಾರನಿಗೆ ಅಳುವೇ ಬಂತು. ಆದರೆ ಮೊಮ್ಮಗಳಿಗೆ ಕೊಟ್ಟ ಮಾತು ತಪ್ಪುವ ಆಸಾಮಿ ಅವನಲ್ಲ.

"ಆಯ್ತು ಮೇಡಂ," ಎಂದ ಹೊಸ ಶೂಗಳನ್ನು ಪಕ್ಕಕ್ಕೆ ಸರಿಸಿ. "ಚಪ್ಪಲಿ ಹಾಕ್ಕೊಂಡು ವಾಲ್ಟ್ಸ್ ಕುಣಿಯೋದು ಎಷ್ಟನೇ ವಾರದ ಪಾಠ?"