ನೆಸ್ಮಾಗೆ ಚಹಾ ಕೊಟ್ಟವರಾರು?

ಶೌಕಿಯ ಮೂರು ವರ್ಷದ ಮಗಳು ನೆಸ್ಮಾ ನಿದ್ದೆಯಲ್ಲಿ ಒದೆಯುತ್ತಿದ್ದಳು. ಕತ್ತೆಯ ಹಿಂದೆ ನಿಂತು ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಒದೆತ ಅದು. ಅಲೆಕ್ಸಾಂಡ್ರಿಯಾದ ಗಲ್ಲಿಯೊಂದರಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಶೌಕಿ ರಾತ್ರಿಯಿಡೀ ಒದೆಸಿಕೊಂಡು, ಹಗಲು ತೂಕಡಿಸಿ, ಮೊನ್ನೆ ವಕೀಲರ ಅಂಗಿಯ ಬೆನ್ನ ಮೇಲೆ ಕಂದು ಬಣ್ಣದ ದೋಣಿ ಮೂಡಿಸಿಬಿಟ್ಟಿದ್ದ. ಇನ್ನೊಂದು ಅಂಗಿ ಸುಟ್ಟರೆ ಗಿರಾಕಿಗಳೆಲ್ಲ ಪಕ್ಕದ ಗಲ್ಲಿಗೆ ಹೋಗುವುದು ಖಂಡಿತವಾಗಿತ್ತು.

ಬೆಳಿಗ್ಗೆ ಡಾಕ್ಟರಮ್ಮ ರಕ್ತದ ವರದಿ ನೋಡಿ ಮುಖ ಗಂಟಿಕ್ಕಿದರು.

"ಮೈಯಲ್ಲಿ ಕಬ್ಬಿಣದ ಅಂಶ ಕಮ್ಮಿ ಇದ್ರೆ ಮಕ್ಕಳಿಗೆ ನಿದ್ದೆ ಹೀಗೇ ಕೆಡುತ್ತೆ. ಅದಕ್ಕೇ ಔಷಧ ಕೊಟ್ಟಿದ್ದು. ಆದ್ರೆ ರಕ್ತ ಇದ್ದಲ್ಲೇ ಇದೆ. ಮಗೂಗೆ ಯಾರೋ ಚಹಾ ಕುಡಿಸ್ತಿರ್ಬೇಕು. ಚಹಾ ಹೊಟ್ಟೆಗೆ ಹೋದ್ರೆ ಕಬ್ಬಿಣ ಮೈಗೆ ಹತ್ತಲ್ಲ. ಯಾರು ಅಂತ ಮೊದಲು ಹುಡುಕಿ."

ಶೌಕಿಗೆ ರೇಗಿತು. ಹೆಂಡತಿ ಕರೀಮಾ ಹೊಲಿಗೆ ಕಾರ್ಖಾನೆಗೆ ಹೋದಮೇಲೆ ಮಗು ಇಡೀ ಗಲ್ಲಿಯ ಸೊತ್ತು. ಯಾರ ಮನೆಯಲ್ಲಿ ಏನು ನಡೆಯುತ್ತದೋ ಯಾರಿಗೆ ಗೊತ್ತು? ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೇರ ಅತ್ತೆ ಹಮೀದಾಳ ಮನೆಗೆ ಹೋದ.

"ಅತ್ತೆ, ನೆಸ್ಮಾಗೆ ಚಹಾ ಕೊಡ್ತಿದ್ದೀರಾ?"

"ನಾನಾ? ನನ್ನ ಮೊಮ್ಮಗಳಿಗಾ?" ಅತ್ತೆ ಎದೆ ಮುಟ್ಟಿಕೊಂಡಳು. "ಕೂತ್ಕೊಳ್ಳಿ ಅಳಿಯಂದಿರೇ. ಚಹಾ ಕುಡೀರಿ, ಆಮೇಲೆ ಬೈಯೋರಂತೆ."

ಆ ಗಲ್ಲಿಯಲ್ಲಿ ಜಗಳಕ್ಕೆ ಬಂದವನೂ ಚಹಾ ಒಲ್ಲೆ ಎನ್ನುವಂತಿಲ್ಲ. ಶೌಕಿ ಕುಡಿದು ಗ್ಲಾಸು ಕೆಳಗಿಟ್ಟ. ಅವನು ಅತ್ತೆಯ ಆಣೆ ಪ್ರಮಾಣಗಳನ್ನೆಲ್ಲ ಕೇಳಿ ಮುಗಿಸುವವರೆಗೆ ಮಗು ಮಡಿಲಲ್ಲಿ ಚಮಚ ಆಡಿಸುತ್ತ ಸುಮ್ಮನೆ ಕೂತಿತ್ತು.

ಮೇಲಿನ ಮನೆಯ ಉಮ್ಮ್ ರಮ್ಜಿ ಸುದ್ದಿ ಕೇಳಿ ನಕ್ಕೇಬಿಟ್ಟಳು. "ಇಸ್ತ್ರಿಯವನ ಮನೇಲೇ ಕಬ್ಬಿಣಕ್ಕೆ ಬರವಾ? ಚಹಾನೂ ಅಲ್ಲ, ಏನೂ ಅಲ್ಲ. ಮಗೂಗೆ ದೃಷ್ಟಿ ತಾಗಿದೆ. ಧೂಪ ಹಾಕ್ತೀನಿ, ಕೂತ್ಕೋ."

ಧೂಪಕ್ಕೆ ಶೌಕಿಯೇ ಕೆಮ್ಮಿದ. ಕೆಮ್ಮಿಗೆಂದು ಇನ್ನೊಂದು ಚಹಾ ಬಂತು.

ಕೊನೆಗೆ ಕ್ಷೌರದಂಗಡಿಯ ಬರಕಾತ್. ಅವನಿಗೆ ಮಾತ್ರ ನಿಜವಾಗಿ ನೋವಾಯಿತು. "ಉಸ್ತಾ ಶೌಕಿ," ಎಂದ, ಕಸುಬುದಾರರನ್ನು ಕರೆಯುವ ಮರ್ಯಾದೆ ಬಿಡದೆ, "ನಿನ್ನ ಮಗಳು ಹುಟ್ಟಿದಾಗ ಬೀದಿಗೆಲ್ಲ ಶರಬತ್ತು ಹಂಚಿದೋನು ನಾನು. ನನ್ನ ಮೇಲೇ ಅನುಮಾನವಾ?" ಎನ್ನುತ್ತಲೇ ಚಹಾ ತಂದಿಟ್ಟ. ಅಷ್ಟರಲ್ಲಿ ಅತ್ತೆ, ಉಮ್ಮ್ ರಮ್ಜಿ ಇಬ್ಬರೂ ಅವಮಾನ ತಡೆಯಲಾರದೆ ಅಲ್ಲಿಗೇ ಬಂದರು. ಎಲ್ಲರೂ ಒಟ್ಟಿಗೆ ಮಾತಾಡಿದರು. ನಿದ್ದೆಗೆಟ್ಟ ಶೌಕಿಗೆ ಅಳು ಬರುವಂತಾಯಿತು.

"ದೊಡ್ಡವರು ಸಾವಿರ ಹೇಳ್ತಾರೆ. ಮಗೂನ ಕೇಳಿ," ಎಂದ ಅವನು ಸೋತ ದನಿಯಲ್ಲಿ.

ಬರಕಾತ್ ಬಗ್ಗಿದ. "ನೆಸ್ಮಾ, ಬಂಗಾರಿ, ನಿಂಗೆ ಚಹಾ ಯಾರು ಕೊಡ್ತಾರಮ್ಮ?"

ಅಪ್ಪ ಆಗಷ್ಟೇ ಕುಡಿದಿಟ್ಟ ಗ್ಲಾಸಿಗೆ ಮಗು ಕೈ ಹಾಕಿತು. ತಳದಲ್ಲಿ ಚಹಾ ಹೀರಿಕೊಂಡು ಪಾಕವಾಗಿದ್ದ ಸಕ್ಕರೆಯನ್ನು ಚಮಚದಿಂದ ಕೆರೆದು ಕೆರೆದು ತಿಂದಿತು.

"ಇದು ನಂದು," ಎಂದಿತು, ತುಟಿ ನೆಕ್ಕುತ್ತ. "ಅಪ್ಪ ದಿನಾ ಬಿಡ್ತಾನೆ."

ಎಲ್ಲರ ಕಣ್ಣು ಶೌಕಿಯತ್ತ ತಿರುಗಿತು. ಶೌಕಿ ಎಚ್ಚರವಾಗಿರಲು ದಿನಕ್ಕೆ ಹತ್ತು ಗ್ಲಾಸು ಕುಡಿಯುತ್ತಿದ್ದ. ಮಗಳ ಮೇಲಿನ ಪ್ರೀತಿಗೆ, ತಳದಲ್ಲಿ ಅವಳಿಗೆ ಉಳಿಯಲೆಂದು, ಪ್ರತಿ ಗ್ಲಾಸಿಗೂ ಒಂದು ಚಮಚ ಸಕ್ಕರೆ ಹೆಚ್ಚಾಗಿ ಹಾಕಿಕೊಳ್ಳುತ್ತಿದ್ದ.

"ಅದು ಚಹಾ ಅಲ್ಲ, ಸಕ್ಕರೆ," ಎಂದು ಗೊಣಗಿದ.

ಅತ್ತೆ ಗ್ಲಾಸು ಕಿತ್ತುಕೊಂಡಳು. "ಕೇಳಿ ಎಲ್ಲರೂ. ಮಗು ರಕ್ತ ಸರಿಹೋಗೋವರೆಗೂ ಈ ಗಲ್ಲೀಲಿ ನಮ್ಮ ಅಳಿಯಂದಿರಿಗೆ ಯಾರೂ ಒಂದು ತೊಟ್ಟು ಚಹಾ ಕೊಡಕೂಡದು."

ಗಲ್ಲಿ ಎಂದೂ ಇಷ್ಟು ಒಗ್ಗಟ್ಟಾಗಿರಲಿಲ್ಲ. ರಕ್ತ ಒಂದೇ ದಿನಕ್ಕೆ ಏರುವುದಿಲ್ಲವಲ್ಲ, ಆ ರಾತ್ರಿಯೂ ನೆಸ್ಮಾ ಎಂದಿನಂತೆ ಒದ್ದಳು. ಬೆಳಿಗ್ಗೆ ಶೌಕಿ ಬರೀ ನೀರು ಕುಡಿದು, ಬಿಸಿ ಇಸ್ತ್ರಿಪೆಟ್ಟಿಗೆ ಹಿಡಿದು, ವಕೀಲರ ಇನ್ನೊಂದು ಅಂಗಿಯನ್ನು ಹಾಸಿದ. ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದ.

"ಉಸ್ತಾ," ಎಂದು ಬರಕಾತ್ ಎದುರಿನಿಂದ ಕೂಗಿದ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲಾ."